ಚೆಂಡುಹೂವಿನ ಹೊಲಕ್ಕೆ ಕುರಿ ಬಿಟ್ಟದ್ದು

ಕೊಣ್ಣೂರಿನ ಹತ್ತಿರ ನಮ್ಮದೊಂದು ಹತ್ತು ಗುಂಟೆಯ ಪಟ್ಟಿ ಇದೆ. ಅದರ ಮೇಲ್ಬದಿಗೆ ಯಾರೋ ಶೆಡ್ಡು ಹಾಕಿ ಹಳೆ ಬ್ಯಾಟರಿ ಒಡೆಯುತ್ತಿದ್ದರು. ಅವರು ಹೋದರು, ಬ್ಯಾಟರಿಯ ಸೀಸ ನಮ್ಮ ಮಣ್ಣಿನಲ್ಲಿ ಉಳಿಯಿತು. ಅರಭಾವಿಯಲ್ಲಿ ತೋಟಗಾರಿಕೆ ಓದುವ ನನ್ನ ಮೊಮ್ಮಗಳು ಮಣ್ಣು ಪರೀಕ್ಷೆ ಮಾಡಿಸಿ ಬಂದು, "ಅಜ್ಜಾ, ಇದರಾಗ ಬೆಳದದ್ದು ಒಂದು ಕಾಳೂ ತಿನ್ನಬ್ಯಾಡ್ರಿ" ಅಂದಳು.

ನನ್ನಪ್ಪ ಕುರಿ ಮಾರಿ ಕೊಂಡ ನೆಲ ಅದು. ಬೀಳು ಬಿಟ್ಟು ನೋಡುವುದು ನನ್ನ ಕೈಲಾಗುತ್ತಿರಲಿಲ್ಲ.

ಒಂದು ದಿನ ಮೊಮ್ಮಗಳು ಚೆಂಡುಹೂವಿನ ಸಸಿಗಳ ಟ್ರೇ ಹೊತ್ತು ಬಸ್ಸಿಳಿದಳು. ಈ ಗಿಡ ಮಣ್ಣಿನ ವಿಷವನ್ನು ಸ್ವಲ್ಪಸ್ವಲ್ಪವೇ ಎಳೆದುಕೊಳ್ಳುತ್ತದಂತೆ. ಗೊಬ್ಬರ, ಇದ್ದಿಲ ಪುಡಿ ಬೆರೆಸಿದರೆ ಉಳಿದದ್ದು ಬೆಳೆಗೆ ಏರದಂತೆ ಮಣ್ಣಿನಲ್ಲೇ ಕಟ್ಟುಬೀಳುತ್ತದಂತೆ. ನಾನು ಶಾಲೆ ಕಲಿತದ್ದು ಮೂರನೇ ಇಯತ್ತೆಯವರೆಗೆ, ಅರ್ಧ ತಿಳಿಯಿತು. ಆಮೇಲೆ ಅವಳು, "ಅಜ್ಜಾ, ಕುರಿಗೊಬ್ಬರ ಎಷ್ಟು ಹಳೇದು ಇದ್ರ ಚಲೋ?" ಎಂದು ಕೇಳಿದಳು. ಇಷ್ಟು ಓದಿದ ಹುಡುಗಿ ನನ್ನನ್ನು ಕೇಳುತ್ತಾಳೆ! ನನ್ನ ಕಾಲು ನೆಲಕ್ಕೆ ಹತ್ತಲಿಲ್ಲ.

ಹೊಲವೆಲ್ಲ ಹಳದಿಯಾಯಿತು. ಬಾಜೂ ಹೊಲದವನು ಬಂದು, "ಏನ್ ಕಾಕಾ, ಕುರಿ ಬಿಟ್ಟು ಮಾಲಿ ಕಟ್ಟಾಕ ಕುಂತ್ರೇನು? ಹಬ್ಬಕ್ಕ ನಮಗೂ ಒಂದ್ ಬುಟ್ಟಿ ಕೊಡ್ರಿ" ಅಂದ.

"ದೇವರಿಗಿ ಏರಸೂ ಹೂವಲ್ಲೋ ಇದು, ಕಸಬರಿಗಿ! ಹೊಲದ ಹೊಲಸು ಬಳದು ತಾನೂ ಹೊರಗ ಹೋಗೂದು" ಅಂದೆ. ಬಾಯಿಗೆ ಬಂದ ಮಾತಿಗೆ ನಾನೇ ಹಿಗ್ಗಿದೆ.

ಹೂವು ಮುಗಿದಾಗ ಮೊಮ್ಮಗಳು, "ಐತವಾರ ಬಂದು ಗಿಡಾ ಬೇರು ಸಮೇತ ಕೀಳ್ತೇನಿ, ನೀ ಗೊಬ್ಬರ ತಯಾರ ಇಡು" ಎಂದಿದ್ದಳು. ಗೊಬ್ಬರವೆಂದರೆ ನಮ್ಮಂಥ ಕುರಿ ಸಾಕುವವರಿಗೆ ಬುಟ್ಟಿಯಲ್ಲಿ ಹೊರುವ ಸಂಗತಿಯೇ ಅಲ್ಲ. ಹೊಲದಲ್ಲಿ ಹಿಂಡು ತರುಬಿ ನಿಲ್ಲಿಸಿದರೆ ಕುರಿ ಉಳಿದದ್ದನ್ನು ಮೇಯ್ದು ತಾನೇ ಗೊಬ್ಬರ ಹಾಕುತ್ತದೆ. ಅವಳಿಗೆ ಖುಷಿಯಾಗಲೆಂದು, ಐತವಾರ ಅವಳು ಬರುವ ಮೊದಲೇ ಹಿಂಡು ಹೊಡೆದು ಒಳಗೆ ಬಿಟ್ಟೆ.

ಬದುವಿನ ಮೇಲೆ ಓಡೋಡಿ ಬಂದಳು. "ಅಜ್ಜಾ, ಹೊರಗ ಹೊಡಿ! ಗಿಡಾ ಎಳಕೊಂಡ ವಿಷಾ ಕುರಿ ಹೊಟ್ಟಿಗಿ ಹೋಗತೈತಿ, ಹಿಕ್ಕಿ ಆಗಿ ಮತ್ತ ಇಲ್ಲೇ ಬೀಳತೈತಿ!"

ಕೂಗುತ್ತ ಹಿಂಡನ್ನು ಹೊರಗೆ ಹೊಡೆದೆ. ಬಾಯಿ ಹಾಕಿದ್ದ ನಾಲ್ಕು ಕುರಿಗಳನ್ನು ಬೇರೆ ಕಟ್ಟಿ ದನದ ಡಾಕ್ಟರಿಗೆ ತೋರಿಸಿದೆವು. ಪುಣ್ಯಕ್ಕೆ ಏನೂ ಆಗಲಿಲ್ಲ. ಗಿಡಗಳನ್ನೆಲ್ಲ ಕಿತ್ತು ಚೀಲ ಕಟ್ಟಿ, ಕಾಲೇಜಿನವರು ಹೇಳಿದ ಕಡೆಗೆ ಕಳಿಸಿದೆವು. ಗೊಬ್ಬರವನ್ನು ಹಟ್ಟಿಯಿಂದ ನಾನೇ ಹೊತ್ತೆ. ನನ್ನ ಹೆಂಡತಿ ಕಿಸಕ್ಕನೆ ನಕ್ಕಳು: "ಇಷ್ಟು ವರ್ಸ ಕುರಿ ಮಾಡಿದ ಕೆಲಸಾ ಈಗ ನಿಮ್ಮ ತಲಿಗಿ ಬಂತು ನೋಡ್ರಿ."

ಮತ್ತೆರಡು ಸಲ ಹೂ ನೆಟ್ಟೆವು, ಕಿತ್ತೆವು. ಮೊನ್ನೆ ಬಂದ ಪರೀಕ್ಷೆಯ ಚೀಟಿಯನ್ನು ಮೂರು ಸಲ ಓದಿಸಿದೆ. ಸೀಸ ಇಳಿದಿದೆ! ಶೆಡ್ಡಿನ ಬದಿಗೆ ಇನ್ನೊಮ್ಮೆ ಹೂವೇ. ಕೆಳಗಿನ ಅರ್ಧಕ್ಕೆ ಜೋಳ ಬಿತ್ತಬಹುದಂತೆ. ಮರುದಿನವೇ ಕೂರಿಗೆ ಹೂಡಿದೆ. ಬೀಜ ಬಿಡುವಾಗ ಬಾಯಿ ನಗುತ್ತಲೇ ಇತ್ತು.

"ಮೊದಲನೇ ತೆನಿ ನನಗ ಬೇಕು, ಅಜ್ಜಾ. ತಿನ್ನಾಕಲ್ಲ, ಪರೀಕ್ಷಾಕ್ಕ" ಅಂದಳು ಮೊಮ್ಮಗಳು.

"ತಗೊಂಡು ಹೋಗ, ನಮ್ಮವ್ವ! ಹೊರೀನ ಕಟ್ಟಿ ಬಸ್ಸಿಗಿ ಏರಿಸ್ತೇನಿ."