ಹಡಗಿನವರ ಮನೆಯ ಅಕ್ಕ

ಡಾಂಬರು ಬಳಿದ ಹಗ್ಗದ ವಾಸನೆ ಮೂಗಿಗೆ ಬಡಿದಾಗ ನಾನು ಹಾಲೆಂಡಿನ ಒಂದು ಬಂದರು ಊರಿನಲ್ಲಿದ್ದೆ. ದಹಿಸರ್‌ನ ನಮ್ಮ ಬಿಲ್ಡಿಂಗಿನ ಕೆಲವರು ಸೇರಿ ಟೂರ್ ಹೊರಟಿದ್ದೆವು. ಮಳೆ ಬಂತೆಂದು ಗೈಡ್ ನಮ್ಮನ್ನೆಲ್ಲ ಹಡಗುಗಳ ಮ್ಯೂಸಿಯಮ್ಮಿನೊಳಗೆ ಕರೆದುಕೊಂಡು ಬಂದಿದ್ದ. ಉಳಿದವರು ಗಾಜಿನೊಳಗಿನ ಪುಟ್ಟ ಹಡಗುಗಳ ಮುಂದೆ ಫೋಟೊ ತೆಗೆಸಿಕೊಳ್ಳುತ್ತಿದ್ದರು. ನಾನು ಮಾತ್ರ ಸುರುಳಿ ಸುತ್ತಿಟ್ಟ ಆ ದಪ್ಪ ಹಗ್ಗದ ಹತ್ತಿರ ನಿಂತುಬಿಟ್ಟೆ. ಹಿಂದೆ ನಾವಿದ್ದ ಜೋಗೇಶ್ವರಿಯ ಚಾಳಿನಲ್ಲಿ ಪಕ್ಕದ ಮನೆಯ ಅಕ್ಕನ ಗಂಡ ರಜೆಗೆ ಬಂದಾಗ, ಅವರ ಕ್ಯಾನ್ವಾಸ್ ಚೀಲದಿಂದ ಮನೆಗಳ ಮುಂದಿನ ಗ್ಯಾಲರಿ ತುಂಬ ಹರಡುತ್ತಿದ್ದುದು ಇದೇ ವಾಸನೆ...

ಇಬ್ಬರೂ ಉಡುಪಿ ಕಡೆಯವರು. ಗಂಡ ಸರಕಿನ ಹಡಗಿನಲ್ಲಿ ಖಲಾಸಿ. ವರ್ಷದ ಬಹುಪಾಲು ಸಮುದ್ರದ ಮೇಲೆ. ನಾನು ಮದುವೆಯಾಗಿ ಆ ಚಾಳಿಗೆ ಬಂದ ಹೊಸತರಲ್ಲಿ ನನಗೆ ಲೋಕಲ್ ರೈಲು ಹತ್ತಲು, ಮೀನಿನವಳ ಜತೆ ಮರಾಠಿಯಲ್ಲಿ ಚೌಕಾಸಿ ಮಾಡಲು ಕಲಿಸಿದವರು ಅಕ್ಕ.

ಒಂದು ಮಳೆಗಾಲದಲ್ಲಿ ಹಡಗಿನ ಕಂಪನಿಯವರು ಬಂದು, ಬಿರುಗಾಳಿಗೆ ಹಡಗು ಮುಳುಗಿತೆಂದು ಹೇಳಿ ಹೋದರು. ಕೆಲವರು ಸಿಕ್ಕಿದ್ದರು. ಅಕ್ಕನ ಗಂಡ ಸಿಕ್ಕಿರಲಿಲ್ಲ. ಬದುಕಿಯೂ ಇಲ್ಲ, ಶವವಾಗಿಯೂ ಇಲ್ಲ. ಸ್ವಲ್ಪ ದಿನ ಕಳೆದು ಊರಿನಿಂದ ಅಕ್ಕನ ಭಾವ, ಗಂಡನ ಅಣ್ಣ, ಬಂದರು. "ಬೊಜ್ಜ, ಉತ್ತರಕ್ರಿಯೆ ಮಾಡದಿದ್ದರೆ ಅವನಿಗೆ ಗತಿ ಸಿಗುವುದಿಲ್ಲ" ಎಂದರು.

ಅಕ್ಕ ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು ಕೇಳಿದರು, "ಅವರು ಸತ್ತದ್ದನ್ನು ನೋಡಿದವರು ಯಾರು ಭಾವ? ಒಬ್ಬರಾದರೂ ಇದ್ದರೆ ಹೇಳಿ, ಈಗಲೇ ಬಳೆ ತೆಗೆಯುತ್ತೇನೆ."

ಭಾವ ಬಂದ ಹಾಗೆಯೇ ಹಿಂತಿರುಗಿದರು. ಅಕ್ಕ ಬಾಂದ್ರಾದ ಹೋಟೆಲೊಂದರ ಅಡುಗೆಮನೆಗೆ ಕೆಲಸಕ್ಕೆ ಸೇರಿದರು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಚಾಳಿನವರಿಗೆ ಅದು ಸರಿಬರಲಿಲ್ಲ. ಸಂಕ್ರಾಂತಿಯ ದಿನ ಮುತ್ತೈದೆಯರನ್ನು ಕರೆಯುವ ಹಳದಿ ಕುಂಕುಮಕ್ಕೆ ಅವರನ್ನು ಕರೆಯುವುದನ್ನೇ ಬಿಟ್ಟರು. ನಮ್ಮ ಮನೆಗೆ ಮಾತ್ರ ನಮ್ಮತ್ತೆ ಕರೆದರು. ಅಕ್ಕ ಒಳಗೆ ಬಂದದ್ದೇ ಇಬ್ಬರು ಹೆಂಗಸರು ಎದ್ದು ಹೋದರು. ಅತ್ತೆ ಅವರತ್ತ ತಿರುಗಿಯೂ ನೋಡದೆ ಅಕ್ಕನ ಹಣೆಗೆ ಕುಂಕುಮ ಇಟ್ಟು, "ಕೂತ್ಕೊ ಮಗಾ, ಎಳ್ಳುಂಡೆ ತಿನ್ನು" ಎಂದರು. ಅಕ್ಕ ತಿನ್ನಲಿಲ್ಲ. ಉಂಡೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದರು.

ಹಾಗೇ ವರ್ಷಗಳು ಹೋದವು. ಮಗಳು ಕಲಿತಳು, ಕೆಲಸಕ್ಕೆ ಸೇರಿದಳು, ಒಳ್ಳೆಯ ಕಡೆಯ ಸಂಬಂಧ ಬಂತು. ಮದುವೆಯ ದಿನ ಬೆಳಿಗ್ಗೆ ಮದುವೆ ಹಾಲ್‌ಗೆ ಹೊರಡಲು ನಾನು ಸೀರೆ ಉಡುತ್ತಿದ್ದಾಗ ಅಕ್ಕ ಬಾಗಿಲಲ್ಲಿ ಬಂದು ನಿಂತರು. ಮೊದಲು ನನಗೆ ಗುರುತೇ ಸಿಗಲಿಲ್ಲ. ಹಣೆ ಬೋಳು. ಕೈ ಬೋಳು.

"ಅಯ್ಯೋ ಅಕ್ಕಾ, ಎಂಥ ಇದು?"

"ಗಂಡಿನ ಕಡೆಯವರು ಕೇಳ್ತಾರೆ ಮಾರಾಯ್ತಿ, ಅಪ್ಪ ಎಲ್ಲಿ ಅಂತ. ಇಷ್ಟು ವರ್ಷ ನಾನು ಏನು ಹೇಳಿದರೂ ನಡೀತು. ಇವತ್ತು ಅವಳ ಮುಂದೆ ಯಾರೂ ಪಿಸುಗುಡಬಾರದು." ಬೋಳು ಕೈಗಳನ್ನು ನನ್ನ ಮುಂದೆ ಚಾಚಿ ಹೇಳಿದರು, "ಅವರನ್ನು ನಾನೇ ಸಾಯಿಸಿದೆ ನೋಡು, ಇವತ್ತು."

ಹಡಗು ಮುಳುಗಿದ ಸುದ್ದಿ ಬಂದ ದಿನದಿಂದ ಅಕ್ಕ ಅತ್ತದ್ದನ್ನು ನಾನು ಕಂಡಿರಲಿಲ್ಲ. ಅವತ್ತು ನನ್ನ ಅರ್ಧ ಉಟ್ಟ ಸೀರೆಯಲ್ಲಿ ಮುಖವಿಟ್ಟು ಅತ್ತರು. ಆಮೇಲೆ ಮುಖ ತೊಳೆದುಕೊಂಡು ಹೋಗಿ, ಹಾಲ್‌ನಲ್ಲಿ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತರು. ಮತ್ತೆಂದೂ ಬಳೆ ತೊಡಲಿಲ್ಲ. ಗಂಡನ ಮಾತನ್ನೂ ಎತ್ತಲಿಲ್ಲ...

ಹೋದ ವರ್ಷ ಅಕ್ಕ ತೀರಿಕೊಂಡರು. ಮಗಳ ಮನೆಯಲ್ಲಿ, ಮಲಗಿದಲ್ಲೇ.

ಮ್ಯೂಸಿಯಮ್ಮಿನ ಕೊನೆಯ ಕೋಣೆಯಲ್ಲಿ ಒಂದು ಕಲ್ಲಿನ ಗೋಡೆಯಿತ್ತು. ಸಮುದ್ರಕ್ಕೆ ಹೋಗಿ ತಿರುಗಿ ಬಾರದ ಆ ಊರಿನವರ ಹೆಸರುಗಳನ್ನು ಅದರಲ್ಲಿ ಕೆತ್ತಿದ್ದರು. ಶವ ಸಿಗದವರ ಮನೆಯವರು ಇಲ್ಲಿಗೆ ಬರುತ್ತಾರೆ ಎಂದ ಗೈಡ್. ಬಿಳಿಗೂದಲಿನ ಹೆಂಗಸೊಬ್ಬಳು ಒಂದು ಹೆಸರಿನ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ ನಿಂತಿದ್ದಳು. ಅವಳನ್ನು ಯಾರೂ ಅವಸರಪಡಿಸಲಿಲ್ಲ.

ಅಕ್ಕನಿಗೆ ಮುಟ್ಟಲು ಇಷ್ಟಾದರೂ ಇದ್ದಿದ್ದರೆ ಎಂದುಕೊಂಡೆ. ನಮ್ಮವರು ಬಸ್ಸು ಹೊರಡುತ್ತದೆಂದು ಕೂಗುತ್ತಿದ್ದರು. ನಾನು ಆ ಹೆಂಗಸು ಕಣ್ಣು ಬಿಡುವವರೆಗೆ ಅಲ್ಲೇ ನಿಂತಿದ್ದೆ.