ವಕೀಲರನ್ನು ಆರಿಸಿದ್ದು ನಾನೇ

‘ಆಘಾತ’ ಎಂಬ ಪದ ಕಂಡರೆ ನನ್ನ ಕೈ ತಾನಾಗಿ ಅದರ ಮೇಲೆ ಗೀಟು ಎಳೆಯುತ್ತದೆ. ಪತ್ರಿಕಾ ಕಚೇರಿಯಲ್ಲಿ ಕೂತು ಬೇರೆಯವರ ವರದಿ ತಿದ್ದುತ್ತ ಬಂದವನಿಗೆ ಅಂಟಿದ ಚಾಳಿ ಇದು. ಬಸ್ಸು ತಡವಾದರೆ ಪ್ರಯಾಣಿಕರಿಗೆ ಆಘಾತ, ಉಳ್ಳಾಗಡ್ಡಿ ದರ ಏರಿದರೆ ಗೃಹಿಣಿಯರಿಗೆ ಆಘಾತ ಎಂದು ಹೊಸಬರು ಬರೆದು ತರುತ್ತಾರೆ. ‘ಏನಾಯಿತು ಅಂತ ಬರಿ ತಮ್ಮಾ, ಆಘಾತ ಓದುವವರಿಗೆ ಬಿಡು’ ಎನ್ನುತ್ತೇನೆ. ಈ ಶಿಸ್ತಿನ ಬಗ್ಗೆ ನನಗೆ ಒಳಗೊಳಗೇ ಸ್ವಲ್ಪ ಜಂಭವಿತ್ತು. ಆದರೆ ಶಹಾಪುರದಲ್ಲಿ ಮನೆ ಕೊಳ್ಳಲು ಒಬ್ಬ ವಕೀಲರನ್ನು ಹುಡುಕಿ ಹೊರಟೆ ನೋಡಿ, ಅಲ್ಲಿಂದ ಮುಂದೆ ಆ ಪದವನ್ನು ಬಿಟ್ಟು ನನ್ನ ಸ್ಥಿತಿಯನ್ನು ವರದಿ ಮಾಡುವುದು ಸಾಧ್ಯವೇ ಆಗಲಿಲ್ಲ.

ಮನೆ ಬೇಕಾಗಿದ್ದದ್ದು ನನ್ನ ಹೆಂಡತಿ ಸುವರ್ಣಾಳಿಗೆ. ನಾವು ಯಾದಗಿರಿಯಲ್ಲಿ ಬಾಡಿಗೆಗಿದ್ದೆವು. ಅವಳು ಶಹಾಪುರದ ಶಾಲೆಯೊಂದರಲ್ಲಿ ಟೀಚರು. ಬೆಳಿಗ್ಗೆ ಬಸ್ಸಿನಲ್ಲಿ ನಿಂತು ಹೋಗಿ, ಸಂಜೆ ಬಸ್ಸಿನಲ್ಲಿ ನಿಂತು ಬಂದು, ಮನೆಯಲ್ಲೂ ಕೂರಲು ಮರೆತವಳಂತೆ ಓಡಾಡುತ್ತಿದ್ದಳು. ಅವಳ ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಮನೆ ಮಾರಾಟಕ್ಕೆ ಬಂತು. ಯಜಮಾನ ಶರಣಪ್ಪ, ಹತ್ತಿಯ ಅಡತಿ ಅಂಗಡಿಯವರು, ಊರ ಹೊರಗೆ ಹೊಸ ಮನೆ ಕಟ್ಟಿಸಿದ್ದರು. ಹಳೆಯದು ಗಟ್ಟಿ ಕಲ್ಲಿನ ಗೋಡೆ, ತಂಪಾದ ಪಡಸಾಲೆ. ನಾವು ನೋಡಲು ಹೋದಾಗಲೆಲ್ಲ ಹಿಂದಿನ ಕೋಣೆಯಿಂದ ತಪತಪ ಎಂದು ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು, ತಾಟಿನಲ್ಲಿ ಬಿಸಿ ರೊಟ್ಟಿ, ಶೇಂಗಾ ಹಿಂಡಿ ಬರುತ್ತಿದ್ದವು. ನಾನು ತಿಂದು, ರೊಟ್ಟಿಯನ್ನು ಬಾಯ್ತುಂಬ ಹೊಗಳಿ, ‘ಈ ಮನೆಗೆ ತನ್ನದೇ ಒಂದು ತಾಳ ಇದೆ’ ಎಂದು ಹೆಂಡತಿಯ ಮುಂದೆ ಕವಿಯಂತೆ ನುಡಿದೆ. ಆ ಕೋಣೆಯಲ್ಲಿ ನನ್ನ ಪುಸ್ತಕದ ಕಪಾಟುಗಳು ಎಲ್ಲೆಲ್ಲಿ ನಿಲ್ಲಬೇಕೆಂಬುದನ್ನೂ ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡೆ.

ನಮ್ಮ ಕಡೆ ಹಲ್ಲು ನೋಯದೆ ಹಲ್ಲಿನ ಡಾಕ್ಟರ ಹತ್ತಿರ ಯಾರೂ ಹೋಗುವುದಿಲ್ಲ, ಜಗಳವಿಲ್ಲದೆ ವಕೀಲರ ಹತ್ತಿರ ಯಾರೂ ಹೋಗುವುದಿಲ್ಲ. ಮನೆ ಕೊಡುಕೊಳ್ಳುವ ಕೆಲಸಕ್ಕೆ ನಾಲ್ಕು ಮಂದಿ ಹಿರಿಯರು ಮತ್ತು ಒಬ್ಬ ಬಾಂಡ್ ರೈಟರ್ ಸಾಕೆಂಬುದು ಊರ ಅಭಿಪ್ರಾಯ. ನಾನು ವಕೀಲರನ್ನು ಹುಡುಕುತ್ತಿದ್ದೇನೆಂಬ ಸುದ್ದಿ ನನ್ನ ಪತ್ರಿಕೆಗಿಂತ ಬೇಗ ಹಂಚಿಕೆಯಾಯಿತು. ‘ಯಾರ ಮ್ಯಾಲ ಕೇಸ್ ಹಾಕಾಕತ್ತೀರ್ರಿ?’ ಎಂದು ನಾಲ್ಕಾರು ಮಂದಿ ಕೇಳಿದರು. ಶಾಲೆಯಲ್ಲಿ ಒಬ್ಬ ಹಿರಿಯ ಟೀಚರು ಸುವರ್ಣಾಳನ್ನು ಪಕ್ಕಕ್ಕೆ ಕರೆದು, ಭುಜದ ಮೇಲೆ ಕೈಯಿಟ್ಟು, ‘ಸ್ವಲ್ಪ ತಡಕೋಬೇಕವ್ವ, ಗಂಡಸರು ಹಂಗೇ’ ಎಂದರಂತೆ. ಸಂಜೆ ಬಂದವಳೇ, ತಾನು ನನ್ನನ್ನು ಬಿಟ್ಟು ಹೋಗುವುದೆಂದು ಊರು ತೀರ್ಮಾನಿಸಿರುವುದನ್ನು ನನಗೆ ತಿಳಿಸಿ, ಚಹಾ ಮಾಡಿಕೊಟ್ಟಳು.

ವಕೀಲ ಎಂಬ ಮಾತಿಗೆ ಈ ಜಗಳದ ವಾಸನೆ ಮೊದಲಿನಿಂದ ಇದ್ದದ್ದಲ್ಲ. ಅರಬ್ಬಿ ನೆಲದಿಂದ ಹೊರಟು, ಫಾರಸಿಯ ಮೂಲಕ ನಮ್ಮಲ್ಲಿಗೆ ಬಂದು, ನಿಜಾಮರ ಕಚೇರಿಗಳಲ್ಲಿ ನೆಲೆನಿಂತ ಮಾತು ಅದು. ನಂಬಿ ಒಪ್ಪಿಸಿದ ಕೆಲಸವನ್ನು ನಡೆಸಿಕೊಡುವವನು ಎಂದು ಅರ್ಥ. ದಖ್ಖನಿನ ದರಬಾರುಗಳಲ್ಲಿ ಒಬ್ಬ ದೊರೆಯ ಪರವಾಗಿ ಇನ್ನೊಬ್ಬ ದೊರೆಯ ಮುಂದೆ ನಿಲ್ಲುವವನನ್ನೂ ವಕೀಲ ಎನ್ನುತ್ತಿದ್ದರು. ತಾನು ಹೋಗಲಾಗದ ಜಾಗದಲ್ಲಿ ತನ್ನ ಬದಲು ಇನ್ನೊಬ್ಬ ಬಾಯಿ ತೆರೆಯಲಿ ಎಂದು ಕಳಿಸುವುದು. ಈ ಅರ್ಥವನ್ನು ನಾನು ಸುವರ್ಣಾಳಿಗೆ ವಿವರಿಸಿದಾಗ ಅವಳು, ‘ಅರ್ಥ ಆಮ್ಯಾಲ ಹೇಳ್ರಿ, ಮೊದಲ ವಕೀಲನ್ನ ಹಿಡೀರಿ’ ಎಂದಳು.

ಮೊದಲು ಯಾದಗಿರಿಯ ಹೆಸರಾಂತ ವಕೀಲರೊಬ್ಬರ ಬಳಿ ಹೋದೆ. ಅವರ ಹೇಳಿಕೆಗಳನ್ನು ನಾನೇ ಎಷ್ಟೋ ಸಲ ಅಚ್ಚು ಹಾಕಿಸಿದ್ದೆ. ಅವರು ನನ್ನ ಕಾಗದಗಳನ್ನು ಮುಟ್ಟಲಿಲ್ಲ. ಫೋಟೋ ತೆಗೆದು ವಾಟ್ಸಾಪಿಗೆ ಹಾಕಲು ಹೇಳಿ, ನಾನು ಮೆಟ್ಟಿಲಿಳಿಯುವಷ್ಟರಲ್ಲಿ ‘ಎಲ್ಲಾ ಕ್ಲಿಯರ್’ ಎಂದು ಹೆಬ್ಬೆರಳಿನ ಚಿತ್ರ ಕಳಿಸಿದರು. ಇಷ್ಟು ವೇಗವಾಗಿ ಓದಬಲ್ಲವರು ನಮ್ಮ ಕಚೇರಿಯಲ್ಲಿ ಯಾರೂ ಇಲ್ಲವಲ್ಲ ಎಂದು ದಂಗಾದೆ. ಆಮೇಲೆ ಸುರಪುರದಲ್ಲಿರುವ ನನ್ನ ಚಿಕ್ಕಪ್ಪನ ಮಗನ ಹತ್ತಿರ ಹೋದೆ. ಅವನೂ ವಕೀಲ, ಆದರೆ ಹೊಡೆದಾಟದ ಕೇಸುಗಳಿಗೆ ಪ್ರಸಿದ್ಧ.

‘ಮನಿ ತಗೊಳ್ಳಾಕ ನಾ ಯಾಕೋ ಅಣ್ಣಾ?’ ಎಂದು ಗಾಬರಿಯಾದ. ‘ಯಾರನ್ನರ ಬಡದಿದ್ರ ಹೇಳು, ಈಗ ಬೇಲ್ ಕೊಡಿಸ್ತೀನಿ.’

ಸದ್ಯಕ್ಕೆ ಯಾರನ್ನೂ ಬಡಿದಿಲ್ಲವೆಂದು ವಿಷಾದದಿಂದ ತಿಳಿಸಿ ಎದ್ದು ಬಂದೆ.

ಇನ್ನು ವೃತ್ತಿಯ ನಿಯಮವೇ ಗತಿ ಎಂದುಕೊಂಡೆ. ಒಂದು ಸುದ್ದಿಯನ್ನು ಒಬ್ಬನೇ ಹೇಳಿದರೆ ಅದು ಮಾತು. ಒಬ್ಬರಿಗೊಬ್ಬರು ಸಂಬಂಧವಿಲ್ಲದ ಇಬ್ಬರು ಹೇಳಿದರೆ ಅದು ಸುದ್ದಿ. ಶಹಾಪುರ ಬಸ್ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುವ ಮಲ್ಲಣ್ಣನಲ್ಲಿ ಒಂದು ದಿನ ಊಟ ಮಾಡುತ್ತ, ಮನೆಯ ವ್ಯವಹಾರಕ್ಕೆ ಒಳ್ಳೆಯ ವಕೀಲರು ಯಾರೆಂದು ಕೇಳಿದೆ. ‘ವಿಚಾರ ಮಾಡಿ ನಾಳೆ ಹೇಳ್ತೀನ್ರಿ’ ಎಂದ. ಮರುದಿನ ‘ದೇವಿಂದ್ರಪ್ಪ ವಕೀಲರು’ ಎಂದ. ಸುವರ್ಣಾ ತನ್ನ ಶಾಲೆಯ ಫಾತಿಮಾ ಮೇಡಂ ಅವರನ್ನು ಕೇಳಿದಳು. ಅವರೂ ಒಂದು ದಿನ ಬಿಟ್ಟು ಅದೇ ಹೆಸರು ಹೇಳಿದರು. ಖಾನಾವಳಿಯ ಮಲ್ಲಣ್ಣನಿಗೂ ಗಣಿತ ಕಲಿಸುವ ಫಾತಿಮಾ ಮೇಡಂಗೂ ಎತ್ತಣ ಸಂಬಂಧ? ಎರಡು ಸ್ವತಂತ್ರ ಮೂಲ, ಒಂದೇ ಹೆಸರು. ಅದೇ ಸಂಜೆ ದೇವಿಂದ್ರಪ್ಪನವರಿಗೆ ಕೆಲಸ ಒಪ್ಪಿಸಿ, ಪತ್ರಕರ್ತನೊಬ್ಬ ವಕೀಲರನ್ನು ಹೇಗೆ ಆರಿಸುತ್ತಾನೆ ಎಂಬುದರ ಬಗ್ಗೆ ಬಸ್ಸಿನಲ್ಲಿ ಪಕ್ಕದವನಿಗೆ ಯಾದಗಿರಿ ಮುಟ್ಟುವ ತನಕ ಉಪನ್ಯಾಸ ಕೊಟ್ಟೆ.

ದೇವಿಂದ್ರಪ್ಪನವರು ಸಣಕಲು ಮೈಯ, ಮೆಲುದನಿಯ ಮನುಷ್ಯ. ನಾನು ಮುಂದಿಟ್ಟ ಕಾಗದಗಳ ಕಟ್ಟನ್ನು ಬದಿಗೆ ಸರಿಸಿ, ‘ಮೊದಲ ಮನಿ ನೋಡೂಣ’ ಎಂದರು. ಮನೆಗೆ ಬಂದವರು ಪಡಸಾಲೆಯಲ್ಲಿ ಕೂರಲಿಲ್ಲ. ಶರಣಪ್ಪ ಕುರ್ಚಿ ಹಾಕಿದರೆ ಕುರ್ಚಿ ದಾಟಿ ಹೊರಟರು. ಹೊರಗಿನಿಂದ ಮನೆಯನ್ನು ಒಂದು ಸುತ್ತು ಹಾಕಿ, ಹಿಂದಿನ ಸಂದಿಗೆ ತಿರುಗಿದರು. ನಾನು, ಶರಣಪ್ಪ ಇಬ್ಬರೂ ಹಿಂದೆ ಹಿಂದೆ. ಆ ಸಂದಿಯನ್ನು ನಾನು ಅದೇ ಮೊದಲು ನೋಡಿದ್ದು. ಅಲ್ಲಿ ಆ ಹಿಂದಿನ ಕೋಣೆಗೆ ಬೇರೆಯೇ ಬಾಗಿಲಿತ್ತು. ಬಾಗಿಲ ಮುಂದೆ ರಂಗೋಲಿ, ಒಗೆದು ಹರವಿದ ಸೀರೆ. ಒಳಗೆ ಆ ನನ್ನ ಪ್ರೀತಿಯ ತಾಳ, ತಪತಪ.

‘ಶರಣಪ್ಪ, ರೊಟ್ಟಿ ಬಡಿಯಾಕತ್ತೋರು ಯಾರು?’ ಎಂದು ಕೇಳಿದರು ವಕೀಲರು.

‘ನಮ್ಮತ್ತಿರಿ. ನಾಗಮ್ಮ. ನಮ್ಮಪ್ಪನ ತಂಗಿ.’

‘ಇಲ್ಲೇ ಇರ್ತಾರೇನು?’

‘ನಾ ಹುಟ್ಟೂಕಿಂತ ಮೊದಲಿನಿಂದ ಇಲ್ಲೇ ಇದ್ದಾಳ್ರಿ. ಖಾನಾವಳಿಗೆ, ಲಗ್ನದ ಮನಿಗೆ ರೊಟ್ಟಿ ಕೊಡ್ತಾಳ. ಇಬ್ಬರು ಹೆಣ್ಮಕ್ಕಳನ್ನ ಕೆಲಸಕ್ಕ ಇಟ್ಟಾಳ.’

‘ಮನಿ ಮಾರಿದ ಮ್ಯಾಲ ಅವರು ಎಲ್ಲಿಗೆ ಹೋಗ್ತಾರ?’

ಶರಣಪ್ಪ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ. ‘ಎಲ್ಲಿಗೆ ಹೋಗ್ತಾಳ್ರಿ?’ ಎಂದರು, ಇಂಥ ಪ್ರಶ್ನೆಯೂ ಇದೆಯೇ ಎಂಬಂತೆ. ‘ಹೊಸ ಮನಿ ಮಾರ್ಕೇಟಿಗೆ ದೂರ ಆಗ್ತದ, ನಾ ಬರಂಗಿಲ್ಲ ಅಂದಾಳ. ಅಕಿ ಮನಿ ಜೋಡಿ ಇರ್ತಾಳ.’

ನನಗೆ ಆಘಾತವಾಯಿತು, ಈ ಪದಕ್ಕೆ ಗೀಟು ಎಳೆಯಲಾರೆ. ಮನೆಯ ಜೊತೆ ಬಾವಿ ಬರುವುದುಂಟು, ಬೇವಿನ ಮರ ಬರುವುದುಂಟು, ಪಕ್ಕದ ಮನೆಯವರ ತಂಟೆ ಬರುವುದುಂಟು. ಸೋದರತ್ತೆ ಬರುವುದನ್ನು ನಾನು ಕೇಳಿರಲಿಲ್ಲ.

‘ನೀವು ಹೇಳೇ ಇಲ್ಲಲ್ರಿ!’ ಎಂದೆ.

‘ನೀವು ಕೇಳೇ ಇಲ್ಲಲ್ರಿ,’ ಎಂದರು ಶರಣಪ್ಪ, ಯಾವ ಕಪಟವೂ ಇಲ್ಲದೆ. ‘ಪೇಪರ್‌ನೋರು ನೀವು. ಅಕಿ ಕೈಯಾಗಿನ ರೊಟ್ಟಿ ತಿಂದೀರಿ.’

ಯಾರು, ಏನು, ಎಲ್ಲಿ, ಯಾವಾಗ, ಏಕೆ. ವರದಿಗಾರಿಕೆಯ ಮೊದಲ ಪಾಠ. ನಾನು ‘ಏನು’ ಎಂದು ಕೇಳಿದ್ದೆ, ‘ಎಲ್ಲಿ’ ಎಂದು ಕೇಳಿದ್ದೆ, ‘ಯಾವಾಗ’ ಕೀಲಿ ಕೊಡುತ್ತೀರಿ ಎಂದೂ ಕೇಳಿದ್ದೆ. ‘ಯಾರು’ ಎಂಬುದನ್ನು ಬಿಟ್ಟಿದ್ದೆ. ಇಂಥ ವರದಿ ತಂದ ಹುಡುಗನನ್ನು ನಾನು ಅದೇ ಬಸ್ಸಿಗೆ ವಾಪಸು ಕಳಿಸುತ್ತಿದ್ದೆ.

ಕಾಗದ ಓದಿದ ಮೇಲೆ ದೇವಿಂದ್ರಪ್ಪನವರು ನನ್ನನ್ನು ಕೂರಿಸಿಕೊಂಡರು. ‘ಕಾಗದ ಸ್ವಚ್ಛ ಅದ. ಮನಿ ಶರಣಪ್ಪನ ಅಪ್ಪ ಸ್ವಂತ ದುಡದು ಕೊಂಡಿದ್ದು, ಇಂವ ಒಬ್ಬನೇ ಮಗ. ಅತ್ತಿಗೆ ಕಾಗದದಾಗ ಏನೂ ಇಲ್ಲ. ಖಾಲಿ ಮಾಡಿಸಿ ಕೀಲಿ ಕೊಡು ಅಂತ ಬರದ್ರ ಶರಣಪ್ಪ ಅಳಕೋತ ಖಾಲಿ ಮಾಡಿಸ್ತಾನ. ಆ ಮುದುಕಿ ಧಂದಾ ಅಲ್ಲಿಗೆ ಮುಗೀತು. ಇಲ್ಲಾ, ಇರೂ ತನಕ ಅಕಿ ಆ ಕೋಣಿಯಾಗ ಇರಬಹುದು ಅಂತ ಬರೀಬಹುದು. ಇಲ್ಲಾ, ಮನಿನೇ ಬಿಡ್ರಿ. ಮೂರೂ ಬರ್ಯಾಕ ಬರ್ತದ ನನಗ. ಯಾವುದು ಬರೀಲಿ ಹೇಳ್ರಿ, ನಾ ನಿಮ್ಮ ವಕೀಲ.’

ಆ ಕ್ಷಣಕ್ಕೆ ನನಗೆ ಮೊದಲು ನೆನಪಾದದ್ದು ಆ ಮುದುಕಿಯಲ್ಲ, ನನ್ನ ಪುಸ್ತಕದ ಕಪಾಟು. ಇದನ್ನೂ ದಾಖಲೆಗಾಗಿ ಬರೆಯುತ್ತಿದ್ದೇನೆ.

ಮರುದಿನ ಸುವರ್ಣಾಳೊಂದಿಗೆ ನಾಗಮ್ಮನವರ ಬಾಗಿಲಿಗೆ ಹೋದೆ. ಪಾಪದ ಮುದುಕಿಯೊಬ್ಬಳು ಕಣ್ಣೀರಿಡುತ್ತಾಳೆ, ನಾನು ಉದಾರಿಯಾಗುತ್ತೇನೆ ಎಂಬ ಒಂದು ದೃಶ್ಯ ನನ್ನ ತಲೆಯಲ್ಲಿ ಸಿದ್ಧವಾಗಿತ್ತು. ಕೋಣೆಯ ಒಳಗೆ ಎತ್ತರಕ್ಕೆ ಪೇರಿಸಿದ ಕಡಕ್ ರೊಟ್ಟಿಗಳ ನಡುವೆ, ಕಾಸಗಲ ಕುಂಕುಮವಿಟ್ಟು ಕೂತಿದ್ದ ಹೆಂಗಸು ನಮ್ಮನ್ನು ಮೇಲಿಂದ ಕೆಳಗಿನ ತನಕ ನೋಡಿ, ಸಂದರ್ಶನ ಶುರು ಮಾಡಿದರು.

‘ಬಾರವ್ವ ಟೀಚರ. ನಿನ್ನ ಗಂಡ ಬೀಡಿ ಸೇದ್ತಾನೇನು?’

‘ಇಲ್ಲಬೇ,’ ಎಂದಳು ಸುವರ್ಣಾ.

‘ಟಿ.ವಿ. ಜೋರ್ ಹಚ್ತಾನೇನು?’

‘ಟಿ.ವಿ. ಜೋಡಿ ತಾನೂ ಜೋರ್ ಮಾತಾಡ್ತಾನ. ಸುದ್ದಿ ತಪ್ಪು ಓದಾಕತ್ತಾರ ಅಂತ ಬೈತಾನ.’

‘ಅದನ್ನ ಸಹಿಸಬಹುದು,’ ಎಂದು ನಾಗಮ್ಮ ತೀರ್ಪು ಕೊಟ್ಟು ನನ್ನ ಕಡೆ ತಿರುಗಿದರು. ‘ಏನೋ ತಮ್ಮಾ, ದೇವಿಂದ್ರಪ್ಪ ವಕೀಲ ಬರೋಬ್ಬರಿ ಕೆಲಸ ಮಾಡಾಕತ್ತಾನಿಲ್ಲೋ?’

‘ಅವರೇ ನಮ್ಮ ವಕೀಲರು ಅಂತ ನಿಮಗ ಹ್ಯಾಂಗ ಗೊತ್ತು?’

‘ನಾನೇ ಹೇಳಿ ಕಳಿಸಿದ್ದು, ನನಗ ಗೊತ್ತಿರಂಗಿಲ್ಲೇನು?’ ಎಂದರು. ‘ಮಲ್ಲಣ್ಣನ ಖಾನಾವಳಿಗೆ ರೊಟ್ಟಿ ಹೋಗೂದು ಇಲ್ಲಿಂದ. ಪೇಪರ್‌ನಾಂವ ವಕೀಲರನ್ನ ಕೇಳಾಕತ್ತಾನ, ಯಾರ ಹೆಸರು ಹೇಳ್ಲಿಬೇ ಅಂದ. ಇವನ ಹೆಸರು ಹೇಳು ಅಂದೆ.’

‘ಮತ್ತ ಫಾತಿಮಾ ಮೇಡಂ?’ ಎಂದೆ.

‘ಅಕಿ ಮನಿಗೂ ದಿನಾ ಇಲ್ಲಿಂದಾನೇ ರೊಟ್ಟಿ.’

ನನ್ನ ಎರಡು ಸ್ವತಂತ್ರ ಮೂಲಗಳು ಒಂದೇ ಹಂಚಿನ ಮೇಲೆ ಬೆಂದಿದ್ದವು. ನಾನು ಅಲ್ಲೇ ಹಿಟ್ಟಿನ ಚೀಲದ ಮೇಲೆ ಕೂತುಬಿಟ್ಟೆ. ಇಷ್ಟು ದಿನ ತಿದ್ದಿದ ವರದಿಗಳೆಲ್ಲ ಕಣ್ಣ ಮುಂದೆ ಬಂದವು. ಅವುಗಳಲ್ಲಿ ಇನ್ನೆಷ್ಟು ‘ಎರಡು ಮೂಲ’ಗಳ ಹಿಂದೆ ಯಾರ್ಯಾರ ಹಂಚು ಕಾಯುತ್ತಿತ್ತೋ! ಸುವರ್ಣಾ ಸೆರಗನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

‘ಅಂದ್ರ ಅವರು ನಿಮ್ಮ ವಕೀಲರು!’ ಎಂದೆ, ಸ್ವಲ್ಪ ಸಿಟ್ಟಿನಿಂದಲೇ.

‘ಎಲ್ಲೀ ವಕೀಲ! ನನ್ನ ಮುಖ ಅಂವ ನೋಡಿಲ್ಲ. ಮಂದಿ ಮನಿ ಕೊಳ್ಳೂಮುಂದ ಆ ವಕೀಲ ಕಾಗದಕಿಂತ ಮೊದಲ ಓಣಿ ಸುತ್ತಿ ಬರ್ತಾನ ಅಂತ ಕೇಳಿದ್ದೆ. ಅಷ್ಟ.’ ನಾಗಮ್ಮ ಹಿಟ್ಟಿನ ಕೈ ಒರೆಸಿಕೊಂಡರು. ‘ಕಾಗದ ನೋಡೂ ವಕೀಲಗ ನಾ ಕಾಣಂಗಿಲ್ಲ ತಮ್ಮಾ. ನನಗ ಮನಿ ನೋಡೂ ವಕೀಲ ಬೇಕಾಗಿತ್ತು.’

‘ನೀವೇ ಬಂದು ನಮಗ ಹೇಳಬಹುದಿತ್ತಲ್ಲ?’

‘ವಕೀಲ ಹೇಳಿದ್ರ ಅದಕ್ಕೊಂದು ದಾರಿನೂ ಹೇಳ್ತಾನ. ನಾ ಹೇಳಿದ್ರ ನೀ ಮನಿ ಬಿಟ್ಟು ಹೋಗ್ತಿದ್ದಿ. ಮತ್ತೊಬ್ಬಾಂವ ಬರ್ತಿದ್ದ. ಅಂವ ರೊಟ್ಟಿ ತಿಂದು ಹೊಗಳ್ತಿದ್ನೋ ಇಲ್ಲೋ.’

ಒಂದು ಸಲ ಹೊಗಳಿದ್ದನ್ನು ಗೋಡೆಯ ಆಚೆಯಿಂದ ಕೇಳಿಸಿಕೊಂಡು, ಆ ಆಧಾರದ ಮೇಲೆ ಈ ಹೆಂಗಸು ನನ್ನನ್ನು ತನ್ನ ಮನೆಗೆ ಕೊಳ್ಳುವವನನ್ನಾಗಿ ಆರಿಸಿಕೊಂಡಿದ್ದರು. ನನ್ನ ಕೈಯಲ್ಲೇ ತನಗೆ ಬೇಕಾದ ವಕೀಲರನ್ನು ಆರಿಸಿಕೊಂಡಿದ್ದರು. ಅವರ ಫೀಜನ್ನು ನಾನೇ ಕೊಟ್ಟಿದ್ದೆ. ದರಬಾರಿಗೆ ತಾನು ಬರಲಾಗದಾಗ ಬದಲಿಗೊಬ್ಬನನ್ನು ಕಳಿಸುವುದು ಎಂದೆನಲ್ಲ, ಆ ಅರ್ಥ ಪುಸ್ತಕದಲ್ಲಿ ಓದಿದ್ದು ನಾನು, ನಡೆಸಿದ್ದು ಅವರು.

ಹೊರಗೆ ಬಂದಾಗ ಸುವರ್ಣಾ, ‘ನಿಮ್ಮ ಪುಸ್ತಕ ಮಾಳಗಿ ಮ್ಯಾಲ ಇಡೂಣ’ ಎಂದಳು. ಚರ್ಚೆ ಅಲ್ಲಿಗೆ ಮುಗಿಯಿತು.

ನಾಗಮ್ಮ ಇರುವಷ್ಟು ಕಾಲ ಹಿಂದಿನ ಕೋಣೆ, ಸಂದಿಯ ಬಾಗಿಲು, ನೀರಿನ ನಲ್ಲಿ ಅವರ ಉಪಯೋಗಕ್ಕೆ ಎಂದು ದೇವಿಂದ್ರಪ್ಪನವರು ಖರೀದಿ ಪತ್ರದಲ್ಲಿ ಸ್ಪಷ್ಟವಾಗಿ ಬರೆದರು. ಅದರಲ್ಲಿ ನನಗೆ ತಿದ್ದಲು ಒಂದು ಪದವೂ ಸಿಗಲಿಲ್ಲ. ನೋಂದಣಿ ಕಚೇರಿಯಲ್ಲಿ ಅದನ್ನು ಓದಿದ ಗುಮಾಸ್ತರು ಕನ್ನಡಕ ಏರಿಸಿ, ‘ಏನ್ರಿ ಇದು, ಮನಿ ಜೋಡಿ ಅತ್ತಿನೂ ತಗೊಂಡೀರಿ?’ ಎಂದರು. ಶರಣಪ್ಪ ‘ಹೇಳಿದ್ನಿಲ್ರಿ, ಓದಿದ ಮಂದಿ ಅಂತ’ ಎಂದು ಹೆಮ್ಮೆಯಿಂದ ಎಲ್ಲರ ಮುಖ ನೋಡಿದರು.

ಈಗ ಬೆಳಗಾದರೆ ಆ ತಾಳಕ್ಕೇ ನಮಗೆ ಎಚ್ಚರ. ಸುವರ್ಣಾ ಶಾಲೆಗೆ ನಡೆದೇ ಹೋಗುತ್ತಾಳೆ, ಮನೆಗೆ ಬಂದ ಮೇಲೆ ಕೂರುತ್ತಾಳೆ. ಈಗ ಯಾದಗಿರಿಯ ಬಸ್ಸಿನಲ್ಲಿ ನಿಂತು ಹೋಗುವವನು ನಾನು. ಟಿ.ವಿ.ಯ ತಪ್ಪು ಸುದ್ದಿಗೆ ನಾನು ಬೈಯಲು ಶುರು ಮಾಡಿದರೆ ಹಿಂದಿನ ಗೋಡೆಗೆ ಎರಡು ಏಟು ಬೀಳುತ್ತವೆ, ನಾನು ಸುಮ್ಮನಾಗುತ್ತೇನೆ.

ಮನೆ ಕೊಳ್ಳುವವರು, ಮಾರುವವರು ಈಚೆಗೆ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ‘ಪೇಪರ್‌ನೋರು, ನಾಲ್ಕು ಕಡೆ ವಿಚಾರಿಸಿರ್ತೀರಿ, ಒಳ್ಳೆ ವಕೀಲರು ಯಾರ್ರಿ?’ ಎಂದು ಕೇಳುತ್ತಾರೆ. ‘ವಿಚಾರ ಮಾಡಿ ನಾಳೆ ಹೇಳ್ತೀನಿ’ ಎನ್ನುತ್ತೇನೆ. ಸಂಜೆ ರೊಟ್ಟಿ ತರಲು ಹಿಂದಿನ ಬಾಗಿಲಿಗೆ ಹೋಗುತ್ತೇನೆ. ಮರುದಿನ ಹೆಸರು ಹೇಳುತ್ತೇನೆ. ಕೇಳಿದವರು ತಲೆಯಾಡಿಸಿ, ಇನ್ನೊಬ್ಬರ ಹತ್ತಿರವೂ ವಿಚಾರಿಸಿ ಖಾತ್ರಿ ಮಾಡಿಕೊಳ್ಳುತ್ತೇವೆ ಎಂದು ಮಲ್ಲಣ್ಣನ ಖಾನಾವಳಿಯ ಕಡೆಗೆ ಹೊರಡುತ್ತಾರೆ. ನಾನು ತಡೆಯುವುದಿಲ್ಲ.