ಭಾವನ ಹೆಜ್ಜೆ ಲೆಕ್ಕ

ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೂವತ್ತೊಂದು ವರ್ಷದಿಂದ ಬೀದಿಗಳಿಗೆ ನೀರು ಬಿಡುವ ಕೆಲಸದವರು. ವಾಲ್ವ್‌ಗಳು ನೆಲದೊಳಗೆ ಇರುತ್ತವೆ. ಮುಚ್ಚಳದ ಮೇಲೆ ಮಣ್ಣು ಕೂತರೆ ಕಾಣುವುದಿಲ್ಲ. ಭಾವ ಹೆಜ್ಜೆ ಎಣಿಸಿಕೊಂಡು ಹೋಗಿ ನಿಲ್ಲುತ್ತಾರೆ, ಕೆದಕುತ್ತಾರೆ, ಮುಚ್ಚಳ ಸಿಗುತ್ತದೆ. ಅವರಿಗೆ ಕೆಲಸ ಕಲಿಸಿದ ಮುದುಕ ಆ ಎಣಿಕೆಯನ್ನು ಬಾಯಿಪಾಠ ಮಾಡಿಸಿದ್ದನಂತೆ.

"ಊರಿನ ಹೆಜ್ಜೆಯೆಲ್ಲ ಗೊತ್ತು, ಮನೆಗೆ ಬರೋ ಹೆಜ್ಜೆ ಒಂದು ಮರೀತಾರೆ" ಎಂದು ಅಕ್ಕ ಹಂಗಿಸುತ್ತಿದ್ದಳು.

ಶಾಲೆಯ ಅಂಗಳದಲ್ಲೂ ಒಂದು ವಾಲ್ವ್ ಇದೆ. ಗೇಟಿನಿಂದ ಇಪ್ಪತ್ತೆರಡು ಹೆಜ್ಜೆ ನೇರ, ಹನ್ನೆರಡು ಎಡಕ್ಕೆ, ಹದಿನಾರು ಮುಂದಕ್ಕೆ, ಮತ್ತೆ ಹನ್ನೆರಡು ಬಲಕ್ಕೆ. ಅಂಗಳ ಖಾಲಿ. ನೇರ ಹೋದರೂ ಅಲ್ಲಿಗೇ ತಲುಪಬಹುದು. ಆದರೂ ಭಾವ ಸುತ್ತಿಯೇ ಹೋಗುತ್ತಿದ್ದರು. ಮಕ್ಕಳು ಹಿಂದೆ ಹಿಂದೆ ನಡೆದು ಅಣಕಿಸುತ್ತಿದ್ದವು.

ನಾನು ಗಾರೆ ಕೆಲಸದವನು. ಎಂಟು ವರ್ಷದ ಹಿಂದೆ ಆ ಅಂಗಳಕ್ಕೆ ಸಿಮೆಂಟು ಹಾಕಿದ್ದು ನಾನೇ. ನೆಲ ಹದ ಮಾಡುವಾಗ ಒಂದು ದೊಡ್ಡ ಕಲ್ಲುಚಪ್ಪಡಿ ಸಿಕ್ಕಿತ್ತು. ಅದರ ನಡುವೆ ಕಬ್ಬಿಣದ ಬಳೆ. ಸುತ್ತಿಗೆಯಿಂದ ತಟ್ಟಿದರೆ ಸದ್ದು ಕೆಳಕ್ಕೆ ಇಳಿದು ಹೋದ ಹಾಗೆ ಕೇಳಿಸಿತು. ಮೇಸ್ತ್ರಿ, "ಮುಚ್ಚಯ್ಯ, ನಾಳೆ ಶಾಲೆ ಶುರು" ಎಂದ. ಮುಚ್ಚಿದೆ. ಯಾರಿಗೂ ಹೇಳಲಿಲ್ಲ.

ಈ ವರ್ಷ ಅದೇ ಜಾಗದಲ್ಲಿ ಹೊಸ ನೀರಿನ ಟ್ಯಾಂಕು, ಕೆಳಗೆ ಸಾಲು ನಲ್ಲಿ ಎಂದು ತೀರ್ಮಾನವಾಯಿತು. ಈಗ ನಾನೇ ಮೇಸ್ತ್ರಿ. ಕೆಲಸ ನನಗೇ ಬಂತು. ಸೋಮವಾರ ಶುರು ಮಾಡಬೇಕಿತ್ತು. ಆಮೇಲೆ ದಿನಾ ಊಟದ ಹೊತ್ತಿಗೆ ಮಕ್ಕಳೆಲ್ಲ ಅಲ್ಲೇ ನಿಲ್ಲುತ್ತವೆ ಎಂದು ನನಗೆ ಗೊತ್ತಿತ್ತು. ಆದರೂ ಹೇಳಲು ಬಾಯಿ ಬರಲಿಲ್ಲ.

ಅಳತೆಗೆಂದು ಶುಕ್ರವಾರ ಹೋದಾಗ ಚರಿತ್ರೆ ಪಾಠದ ಮೇಡಂ ಭಾವನ ಕೈಗೆ ಒಂದು ಫೋನು ಕೊಟ್ಟು ಬೆಳಿಗ್ಗೆಯಿಂದ ಊರೆಲ್ಲ ನಡೆಸಿದ್ದರು. ನಡೆದ ದಾರಿ ಫೋನಿನಲ್ಲಿ ಗೆರೆಯಾಗಿ ಮೂಡುತ್ತದಂತೆ, ಅದರಿಂದ ಮಕ್ಕಳು ಊರಿನ ನಕ್ಷೆ ಮಾಡುತ್ತಾರಂತೆ.

"ರಾಜರ ಇಸವಿ ನಾಳೆ ಮರೀತೀರಿ. ನಮ್ಮ ಕಾಲಡಿ ಏನಿತ್ತು ಅಂತ ನೋಡಿದ್ರೆ ಮರೆಯಲ್ಲ" ಎಂದು ಮಕ್ಕಳಿಗೆ ಹೇಳುತ್ತಿದ್ದರು.

ಕಂಪ್ಯೂಟರಿನ ಕೋಣೆಯಲ್ಲಿ ಎಲ್ಲರೂ ಗೋಡೆಯ ಪರದೆ ಮುಂದೆ ಕೂತರು, ನಾನೂ ಹಿಂದಿನ ಬೆಂಚಿನಲ್ಲಿ ಕೂತೆ. ಮೊದಲು ಮೇಲಿನಿಂದ ತೆಗೆದ ಶಾಲೆಯ ಫೋಟೊ. ಬೆಳಗಿನ ಪ್ರಾರ್ಥನೆಯ ಹೊತ್ತು. ಮಕ್ಕಳು ಚುಕ್ಕಿ ಚುಕ್ಕಿಯಾಗಿ ಸಾಲಿನಲ್ಲಿ ನಿಂತಿದ್ದರು. ಸಾಲುಗಳ ನಡುವೆ ದುಂಡಗೆ ಒಂದು ಜಾಗ ಖಾಲಿ.

"ಅಲ್ಯಾಕ್ರೋ ಯಾರೂ ನಿಂತಿಲ್ಲ?" ಎಂದರು ಮೇಡಂ.

ಒಬ್ಬ ಹುಡುಗಿ, "ಅಲ್ಲಿ ಕಾಲು ತಣ್ಣಗಾಗತ್ತೆ ಮಿಸ್. ಬೇಸಿಗೇಲೂ" ಎಂದಳು.

ಮೇಡಂ ಅದರ ಮೇಲೆ ಭಾವನ ಗೆರೆ ತಂದರು. ಗೆರೆ ಆ ಖಾಲಿ ಜಾಗವನ್ನು ಬಳಸಿಕೊಂಡು ಹೋಗಿತ್ತು. ಆಮೇಲೆ ಶಾಲೆ ಹುಟ್ಟುವ ಮೊದಲಿನ ಹಳೆಯ ನಕ್ಷೆಯನ್ನು ಅದರ ಮೇಲೆ ತೆಳ್ಳಗೆ ಹೊದಿಸಿದರು. ಗೆರೆಯ ಬಾಗಿನೊಳಗೆ ಒಂದು ಕಪ್ಪು ವೃತ್ತ ಮೂಡಿತು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 'ಬಾವಿ' ಎಂದಿತ್ತು.

"ನಿಮಗೆ ಗೊತ್ತಿತ್ತಾ?" ಎಂದು ಮೇಡಂ ಭಾವನನ್ನು ಕೇಳಿದರು.

"ಇಲ್ಲಮ್ಮ. ಎಡಕ್ಕೆ ಹನ್ನೆರಡು ಅಂತ ಮುದುಕಪ್ಪ ಹೇಳಿದ್ರು. ಯಾಕೆ ಅಂತ ಕೇಳಲಿಲ್ಲ. ಅವರಿಗೂ ಯಾರೋ ಹೇಳಿದ್ದಿರಬೇಕು."

"ಸಿಮೆಂಟು ಹಾಕಿದೋರು ಯಾರೋ, ಅವರಿಗೂ ಕಾಣಲಿಲ್ವೇ?"

ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ಹೆಗಲಿಗೆ ಹೋಯಿತು. ಮುಂದಿನ ಬೆಂಚಿನ ಮಗು ತಿರುಗಿ ನನ್ನನ್ನೇ ನೋಡುತ್ತಿತ್ತು.

"ಕಂಡಿತ್ತು ಮೇಡಂ. ಮುಚ್ಚಿದ್ದು ನಾನೇ. ಟ್ಯಾಂಕು ಅಲ್ಲಿ ಬೇಡ" ಎಂದೆ.

ಭಾವ ನನ್ನನ್ನು ನೋಡಿದರು. "ಎಂಟು ವರ್ಷ ನುಂಗಿಕೊಂಡಿದ್ಯಲ್ಲೋ" ಎಂದರು, ಅಷ್ಟೇ.

ಮರುದಿನ ಮಕ್ಕಳಿಗೆ ರಜೆ ಕೊಟ್ಟು ಸಿಮೆಂಟು ಒಡೆದೆವು. ಚಪ್ಪಡಿ ನಡುವೆ ಬಿರುಕು ಬಿಟ್ಟಿತ್ತು. ಬೆರಳು ಇಟ್ಟರೆ ಒಳಗಿನಿಂದ ತಣ್ಣನೆ ಗಾಳಿ. ಒಂದು ಅಂಚು ಎತ್ತಿ ಭಾವ ಕಲ್ಲು ಹಾಕಿ ಎಣಿಸಿದರು. ಮೂರರವರೆಗೂ ಸದ್ದಿಲ್ಲ. ನಾಲ್ಕಕ್ಕೆ ಎಲ್ಲೋ ದೂರದಲ್ಲಿ ನೀರು ಬಾಯಿ ತೆರೆದು ಮುಚ್ಚಿದ ಹಾಗೆ ಕೇಳಿತು.

ಟ್ಯಾಂಕಿನ ಕೆಲಸ ಬೇರೆಯವರ ಪಾಲಾಯಿತು. ಬಾವಿಗೆ ಕಟ್ಟೆ ಕಟ್ಟಿ ಕಬ್ಬಿಣದ ಬಲೆ ಹಾಕಿದ್ದು ಮಾತ್ರ ನಾನು. ಮಕ್ಕಳು ತಮ್ಮ ನಕ್ಷೆಯಲ್ಲಿ ಅಲ್ಲೊಂದು ನೀಲಿ ಚುಕ್ಕಿ ಇಟ್ಟರು.

ಮೊನ್ನೆ ಮೇಡಂ ಭಾವನ ಪೂರ್ತಿ ದಾರಿಯ ಗೆರೆ ತೋರಿಸಿದರು. ಸುಮ್ಮಸುಮ್ಮನೆ ಬಾಗಿದ ಜಾಗ ಇನ್ನೂ ಎರಡಿವೆ. ಒಂದು ಬಸ್ ನಿಲ್ದಾಣದ ಹಿಂದೆ. ಅಲ್ಲಿ ಈಗಾಗಲೇ ಹಗ್ಗ ಕಟ್ಟಿದ್ದಾರೆ. ಇನ್ನೊಂದು ನಮ್ಮ ಮನೆಯ ಬಾಗಿಲ ಮುಂದೆ.

"ಅಲ್ಲಿ ಬಲಕ್ಕೆ ಒಂಬತ್ತು" ಎಂದರು ಭಾವ. "ನಿನ್ನ ಮನೆಗೆ ನಾನು ಯಾವತ್ತಾದ್ರೂ ನೇರ ಬಂದಿದ್ದು ನೋಡಿದ್ಯಾ?"

ನೋಡಿರಲಿಲ್ಲ. ನನ್ನ ಹೆಂಡತಿಯೂ ಅಲ್ಲಿ ಎಂದೂ ಬಟ್ಟೆ ಒಣಹಾಕಿದವಳಲ್ಲ. ಯಾಕೆ ಎಂದರೆ ಗೊತ್ತಿಲ್ಲ ಅನ್ನುತ್ತಾಳೆ. ಅಲ್ಲಿಯ ಸಿಮೆಂಟೂ ನನ್ನದೇ. ಹಾಕುವಾಗ ತಟ್ಟಿ ನೋಡಿರಲಿಲ್ಲ.

ನಾಳೆ ಬೆಳಿಗ್ಗೆ ಭಾವ ಸುತ್ತಿಗೆ ತರುತ್ತಾರೆ, ಮಕ್ಕಳು ಫೋನು ಹಿಡಿದು ಬರುತ್ತಾರೆ. ಅಲ್ಲಿಯವರೆಗೆ ನಾವು ಗೋಡೆ ಹಿಡಿದುಕೊಂಡೇ ಓಡಾಡುತ್ತಿದ್ದೇವೆ.